ಪಂಪ್ ಬಂದೂಕು ಖಾಲಿ ಮಾಡುವಾಗ ನಳಿಗೆಯ ಕೆಳಗಿನ ಜಾರುವ ಹಿಡಿ ಹಿಂದಕ್ಕೆ ಬರುತ್ತಿಲ್ಲ, ತೋಟಾ ಸಿಕ್ಕಿಕೊಳ್ಳುತ್ತದೆ. ಏಕೆ?

ಚುನಾವಣೆಗೆ ಮುಂಚೆ ಬಂದೂಕನ್ನು ಮುಳಬಾಗಿಲಿನ ಪೊಲೀಸ್ ಠಾಣೆಗೆ ಒಪ್ಪಿಸಬೇಕು ಅಂದಿದ್ದೀರಿ. ಹಾಗಾದರೆ ಖಾಲಿ ಮಾಡುವುದು ಮನೆಯಲ್ಲೇ ಮುಗಿಯಬೇಕು, ಠಾಣೆಯ ಜಗಲಿಯಲ್ಲಲ್ಲ.

ಹಿಡಿ ಬಾರದಿರುವುದು ಬಹುಪಾಲು ಬಂದೂಕು ಕೆಟ್ಟಿದ್ದಕ್ಕಲ್ಲ. ಕುದುರೆ (ಒಳಗಿನ ಹೊಡೆಯುವ ಸುತ್ತಿಗೆ) ಏರಿದ್ದು ಬೋಲ್ಟ್ (ತೋಟಾದ ಹಿಂದೆ ನಳಿಗೆ ಮುಚ್ಚುವ ಭಾಗ) ಮುಚ್ಚಿದ್ದರೆ ಲಾಕ್ ಬಿದ್ದಿರುತ್ತದೆ. ಅದನ್ನು ಬಿಡಿಸಲು ಟ್ರಿಗರ್ ಎಳೆಯಲೇಬೇಡಿ. ನಳಿಗೆ ಮಣ್ಣಿನ ದಿಬ್ಬದ ಕಡೆಗಿರಲಿ, ಸೇಫ್ಟಿ ಹಾಕಿರಲಿ. ಹಿಡಿಯನ್ನು ಮೊದಲೇ ಜಗ್ಗಿದ್ದರೆ ಲಾಕ್ ಬಿಗಿಯುತ್ತದೆ. ಸ್ವಲ್ಪ ಮುಂದಕ್ಕೆ ತಳ್ಳಿ, ಟ್ರಿಗರ್ ಗಾರ್ಡ್ ಹತ್ತಿರದ ಬಿಡುಗಡೆ ಗುಂಡಿ ಒತ್ತಿ, ಆಮೇಲೆ ಪೂರ್ತಿ ಹಿಂದಕ್ಕೆಳೆಯಿರಿ. ಅರ್ಧಕ್ಕೆ ನಿಲ್ಲಿಸಿದರೆ ತೋಟಾ ಹೊರಗೆ ಹಾರದೆ ಅಡ್ಡ ಸಿಕ್ಕಿಕೊಳ್ಳುತ್ತದೆ.

ಬೋಲ್ಟ್ ತೆರೆದರೂ ತೋಟಾ ನಳಿಗೆಯಲ್ಲೇ ಉಳಿದರೆ ಅದನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆ ನೋಡಿ: ಮಸಿ ಕಟ್ಟಿದೆಯೋ, ತುದಿ ಮುರಿದಿದೆಯೋ. ತೇವಕ್ಕೆ ಉಬ್ಬಿದ ಹಳೆಯ ತೋಟಾ, ತುಕ್ಕು ಹಿಡಿದ ಚೇಂಬರ್ (ನಳಿಗೆಯ ಹಿಂಬದಿ ತೋಟಾ ಕೂರುವ ಜಾಗ) ಕೂಡ ಹೀಗೇ ಮಾಡುತ್ತವೆ. 70 ಮಿ.ಮೀ. ಉದ್ದದ ಚೇಂಬರಿಗೆ 76 ಮಿ.ಮೀ. ತೋಟಾ ಹಾಕಬಾರದು. ಅದು ಒಳಗೆ ಹೋಗುತ್ತದೆ, ಆದರೆ ಹೊಡೆದಾಗ ತೋಟಾದ ಮಡಿಸಿದ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಅಪಾಯಕ್ಕೇರುತ್ತದೆ.

ಹೊಡೆಯದ ತೋಟಾವನ್ನು ನಳಿಗೆಯ ಬಾಯಿಂದ ಸರಳು ತೂರಿಸಿ ತಳ್ಳಬೇಡಿ. ಲೈಸೆನ್ಸ್ ಇರುವ ರಿಪೇರಿಯವರಿಗೆ ಮೊದಲು ಫೋನ್ ಮಾಡಿ.

ಕೊನೆಗೆ ಮ್ಯಾಗಜಿನ್ ಕೊಳವೆ (ನಳಿಗೆಯ ಕೆಳಗೆ ತೋಟಾ ಸಾಲಾಗಿ ಕೂರುವ ಕೊಳವೆ): ಚೇಂಬರ್ ಖಾಲಿಯಾದರೂ ಅದರಲ್ಲಿ ತೋಟಾ ಉಳಿದಿರಬಹುದು. ಎರಡನ್ನೂ ಕಣ್ಣಿಂದ ನೋಡಿ, ಬೆರಳಿಟ್ಟು ಮುಟ್ಟಿ.