ಹೆಸರು ಕೇಳಿದ ಮೇಲೆ ಹೊಳೆದ ಕಾರಣಗಳು

ಪ್ರಶ್ನೆ: ರಾಜಾಜಿನಗರದ ನಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಕೇಳಲು ಬಂದ ಹುಡುಗನೊಬ್ಬನ ಹೆಸರು, ಊರು ತಿಳಿದ ಕೂಡಲೇ ‘ಆಗಲೇ ಅಡ್ವಾನ್ಸ್ ತೆಗೆದುಕೊಂಡಾಗಿದೆ’ ಎಂದು ಸುಳ್ಳು ಹೇಳಿಬಿಟ್ಟೆ. ನೀರಿನ ತೊಂದರೆ, ತಡರಾತ್ರಿಯ ಓಡಾಟ ಮುಂತಾದ ಕಾರಣಗಳು ಆಮೇಲೆ ಹೊಳೆದವು. ಇದು ಪೂರ್ವಗ್ರಹವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕಾರಣಗಳು ಆಮೇಲೆ ಹೊಳೆದವು ಎಂದು ತಾವೇ ಬರೆದಿರುವುದರಲ್ಲಿ ಉತ್ತರದ ಬಹುಪಾಲು ಇದೆ. ಪೂರ್ವಗ್ರಹವು ಯಾವಾಗಲೂ ದ್ವೇಷದ ಮುಖ ಹೊತ್ತು ಬರುವುದಿಲ್ಲ. ತೀರ್ಮಾನವನ್ನು ಮೊದಲೇ ಮುಗಿಸಿ, ಅದಕ್ಕೆ ಹೊಂದುವ ಕಾರಣಗಳನ್ನು ಹುಡುಕುವ ಕೆಲಸವನ್ನಷ್ಟೇ ಬುದ್ಧಿಗೆ ಬಿಡುತ್ತದೆ. ಅಮೆರಿಕದ ಷಿಕಾಗೊ ಮತ್ತು ಬಾಸ್ಟನ್ ನಗರಗಳಲ್ಲಿ ಅರ್ಥಶಾಸ್ತ್ರಜ್ಞರಾದ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಅವರು ಸುಮಾರು 5,000 ಕಾಲ್ಪನಿಕ ಉದ್ಯೋಗ ಅರ್ಜಿಗಳನ್ನು ಕಳುಹಿಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಹತೆ ಒಂದೇ ತೆರನಾಗಿದ್ದರೂ, ಬಿಳಿಯರದೆಂದು ತೋರುವ ಹೆಸರಿದ್ದ ಅರ್ಜಿಗಳಿಗೆ ಕಪ್ಪುವರ್ಣೀಯರದೆಂದು ತೋರುವ ಹೆಸರಿದ್ದವುಗಳಿಗಿಂತ ಸುಮಾರು ಶೇ 50ರಷ್ಟು ಹೆಚ್ಚು ಕರೆಗಳು ಬಂದಿದ್ದವು. ಆ ಅರ್ಜಿಗಳನ್ನು ಬದಿಗಿಟ್ಟವರಲ್ಲಿ ಎಷ್ಟೋ ಮಂದಿ ತಮ್ಮನ್ನು ನ್ಯಾಯವಂತರೆಂದೇ ನಂಬಿದ್ದಿರಬೇಕು, ನಮ್ಮ ನಿಮ್ಮಂತೆ.

ಇನ್ನೊಂದು ತೊಡಕಿದೆ. ನಮ್ಮವನ ಟ್ಯಾಂಕ್ ತುಂಬಿ ಹರಿದರೆ ‘ಪಾಪ, ಮೋಟಾರ್ ಆಫ್ ಮಾಡಲು ಮರೆತ’ ಎನ್ನುತ್ತೇವೆ. ಹೊರಗಿನವನದು ಹರಿದರೆ ‘ಅವರೆಲ್ಲ ಹೀಗೇ’ ಎನ್ನುತ್ತೇವೆ. ನೀರು, ವೇಳೆಯ ಬಗೆಗಿನ ತಮ್ಮ ಆತಂಕ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಆ ಷರತ್ತುಗಳನ್ನು ಹೆಸರು ಕೇಳುವ ಮೊದಲೇ ಕಾಗದದಲ್ಲಿ ಬರೆದಿಟ್ಟು, ಬಂದವರೆಲ್ಲರ ಮುಂದೆಯೂ ಅದನ್ನೇ ಇಡಬಹುದು. ‘ಟು ಲೆಟ್’ ಬೋರ್ಡು ಇನ್ನೂ ಗೇಟಿನಲ್ಲಿ ತೂಗುತ್ತಿದ್ದರೆ, ಆ ಹುಡುಗನಿಗೊಂದು ಫೋನ್ ಮಾಡಿ.