ಮಳೆ, ಉಪ್ಪುನೀರು, ಘಟ್ಟ: ಸೀರೀಸ್ 10 ತಗೊಳ್ಳೋದಾ, ಫೀನಿಕ್ಸ್ 8 ತಗೊಳ್ಳೋದಾ?

ನಾಯ್ಕರೇ, ನಿಮ್ಮ ಪ್ರಶ್ನೆ ನೋಡಿದೆ. ಕೈಯಲ್ಲಿ ಐಫೋನ್ ಇದೆ, ಕೆಲಸ ಕುಮಟಾದ ಬ್ಯಾಂಕಿನಲ್ಲಿ. ಬೆಳಿಗ್ಗೆ ಬೀಚಿನಲ್ಲಿ ಓಟ, ಭಾನುವಾರ ದೇವಿಮನೆ ಘಟ್ಟಕ್ಕೆ ಸೈಕಲ್, ಆಗಾಗ ಯಾಣದ ಕಡೆ ನಡಿಗೆ, ಮುಂದೆ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಕಲಿಯುವ ಆಸೆ. ಆಪಲ್ ವಾಚ್ ಸೀರೀಸ್ 10 ತಗೊಳ್ಳಲಾ, ಗಾರ್ಮಿನ್ ಫೀನಿಕ್ಸ್ 8 ತಗೊಳ್ಳಲಾ ಅಂತ ಕೇಳಿದ್ದೀರಿ. ಮೇಲೆ ಇಬ್ಬರು ಕಣ್ಣು ಮುಚ್ಚಿ ಫೀನಿಕ್ಸ್ ತಗೊಳ್ಳಿ ಅಂದಿದ್ದಾರೆ. ಇನ್ನೊಬ್ಬರು ಐಫೋನ್ ಇದ್ದ ಮೇಲೆ ಆಪಲ್ ಬಿಟ್ಟು ಬೇರೆ ಯಾಕೆ ಅಂದಿದ್ದಾರೆ. ನಮ್ಮ ಮನೆಯಲ್ಲಿ ಎರಡೂ ಇವೆ. ಸೀರೀಸ್ 10 ಹೆಂಡತಿಯದು, ಫೀನಿಕ್ಸ್ 8 ನನ್ನದು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಳೆಗಾಲದಲ್ಲೂ ಸೈಕಲ್ ನಿಲ್ಲಿಸುವುದಿಲ್ಲ ಅಂತ ಬರೆದಿದ್ದೀರಲ್ಲ, ನನಗೆ ಅಷ್ಟು ಸಾಕು. ಬಟನ್ ಇರುವ ಸ್ಪೋರ್ಟ್ಸ್ ವಾಚ್ ತಗೊಳ್ಳಿ. ಆದರೆ ಅದು ಫೀನಿಕ್ಸೇ ಆಗಬೇಕಾಗಿಲ್ಲ.

ಯಾಕೆ ಅಂದರೆ, ವಾಚಿನ ಟಚ್ ಪರದೆ ಬೆರಳಿನಿಂದ ಆಗುವ ಸಣ್ಣ ವಿದ್ಯುತ್ ಬದಲಾವಣೆಯನ್ನು ಗುರುತಿಸಿ ಕೆಲಸ ಮಾಡುತ್ತದೆ. ನೀರೂ ಅದೇ ಬದಲಾವಣೆ ಮಾಡುತ್ತದೆ. ಜುಲೈ ತಿಂಗಳಲ್ಲಿ ದೇವಿಮನೆ ತಿರುವಿನಲ್ಲಿ ಮಳೆ ಹೊಡೆಯುವಾಗ ಪರದೆ ಮೇಲೆ ಹನಿ ಸಾಲುಗಟ್ಟಿ ಇಳಿಯುತ್ತಿರುತ್ತದೆ. ರೇನ್‌ಕೋಟಿನ ಒದ್ದೆ ತೋಳು ವಾಚಿನ ಮೇಲೆ ಅಂಟಿಕೊಂಡಿರುತ್ತದೆ. ನೀವು ಮುಟ್ಟದೇ ಪುಟ ಬದಲಾಗುತ್ತದೆ, ಮುಟ್ಟಿದಾಗ ಬದಲಾಗುವುದಿಲ್ಲ. ಒರೆಸೋಣ ಅಂದರೆ ಮೈಮೇಲಿನ ಬಟ್ಟೆಯೂ ಒದ್ದೆ. ಸೀರೀಸ್ 10ರಲ್ಲಿ ಇದಕ್ಕೆ ವಾಟರ್ ಲಾಕ್ ಇದೆ, ಹಾಕಿಕೊಂಡರೆ ಪರದೆ ಸುಮ್ನೆ ಇರುತ್ತದೆ. ಕ್ರೌನ್ (ತಿರುಗಿಸುವ ಗುಂಡಿ) ಮತ್ತು ಪಕ್ಕದ ಬಟನ್ ಎರಡನ್ನೂ ಒಟ್ಟಿಗೆ ಒತ್ತಿದರೆ ರೆಕಾರ್ಡಿಂಗ್ ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ ಮುಂದುವರಿಯುತ್ತದೆ. ಅಷ್ಟಕ್ಕೆ ತೊಂದರೆ ಇಲ್ಲ. ಆದರೆ ಲ್ಯಾಪ್, ಅಂದರೆ ದಾರಿಯ ಒಂದೊಂದು ತುಂಡನ್ನು, ಗುರುತು ಮಾಡಬೇಕು ಅಂದರೆ ಪರದೆಯನ್ನೇ ಎರಡು ಸಲ ತಟ್ಟಬೇಕು. ಮಳೆಯಲ್ಲಿ ಕಿರಿಕಿರಿ ಶುರುವಾಗುವುದು ಅಲ್ಲಿಂದ.

ಫೀನಿಕ್ಸ್‌ನಲ್ಲಿ ಐದು ಬಟನ್. ಸೈಕಲ್ ಹೊಡೆಯುವಾಗ ಟಚ್ ಪೂರ್ತಿ ಬಂದ್ ಮಾಡಿ ಇಡಬಹುದು. ಬಲಗಡೆ ಕೆಳಗಿನದು ಲ್ಯಾಪ್, ಮೇಲಿನದು ಶುರು ಮತ್ತು ನಿಲ್ಲಿಸು. ಒದ್ದೆ ಗ್ಲೌಸ್ ಒಳಗಿನ ಬೆರಳಿಗೂ ಸಿಗುತ್ತವೆ, ವಾಚ್ ನೋಡುವ ಅಗತ್ಯವೇ ಇಲ್ಲ. ಒಂದು ಮಾತು ಮಾತ್ರ: ಘಟ್ಟ ಇಳಿಯುವಾಗ ಯಾವ ವಾಚನ್ನೂ ಮುಟ್ಟಬೇಡಿ. ಎರಡೂ ಕೈ ಬ್ರೇಕ್ ಮೇಲೇ ಇರಲಿ. ಎದುರಿಂದ ಬರುವ ಲಾರಿ ನಮಗಾಗಿ ಕಾಯುವುದಿಲ್ಲ.

ಇನ್ನು ಕಾಡಿನೊಳಗಿನ ಜಿಪಿಎಸ್. ಕುಮಟಾ ಬೀಚಿನಲ್ಲಿ ಓಡಿದರೆ ಎರಡೂ ವಾಚ್ ಹೆಚ್ಚೂಕಡಿಮೆ ಒಂದೇ ಗೆರೆ ಬರೆಯುತ್ತವೆ, ತಲೆ ಮೇಲೆ ಆಕಾಶ ಬಿಟ್ಟರೆ ಬೇರೇನೂ ಇಲ್ಲ. ಯಾಣಕ್ಕೆ ಬನ್ನಿ, ವ್ಯತ್ಯಾಸ ಕಾಣುತ್ತದೆ. ಅಲ್ಲಿ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರ, ಸುತ್ತ ದಟ್ಟ ಮರ. ಉಪಗ್ರಹದ ಸಿಗ್ನಲ್ ಬಂಡೆಗೆ ಬಡಿದು ತಡವಾಗಿ ವಾಚಿಗೆ ಬರುತ್ತದೆ. ವಾಚು ಅದನ್ನೇ ನೇರ ಸಿಗ್ನಲ್ ಅಂದುಕೊಂಡರೆ ನಿಮ್ಮನ್ನು ದಾರಿ ಪಕ್ಕದ ಕಣಿವೆಯಲ್ಲಿ ತೋರಿಸುತ್ತದೆ. ಸೀರೀಸ್ 10 ಕೇಳುವುದು ಎಲ್1 ಅನ್ನುವ ಒಂದೇ ತರಂಗಾಂತರ. ಫೀನಿಕ್ಸ್ 8 ಎಲ್1 ಜೊತೆ ಎಲ್5 ಕೂಡ ಕೇಳುತ್ತದೆ. ನೇರ ಬಂದದ್ದು ಯಾವುದು, ಬಡಿದು ಬಂದದ್ದು ಯಾವುದು ಅಂತ ಬೇರೆ ಮಾಡಲು ಎಲ್5 ಸಿಗ್ನಲ್ ಅನುಕೂಲ. ಯಾಣದ ಬಂಡೆಯ ಬುಡದಲ್ಲಿ ಹೆಂಡತಿಯ ವಾಚಿನ ಗೆರೆ ಅಂಕುಡೊಂಕು ಬಂದಿತ್ತು, ನನ್ನದು ಕಾಲುದಾರಿಗೆ ತೀರಾ ಹತ್ತಿರ ಇತ್ತು.

ಹಾಗಂತ ಮ್ಯಾಪ್ ಇದೆ ಅಂತ ಧೈರ್ಯ ಮಾಡಿ ಕಾಡಿಗೆ ನುಗ್ಗಬೇಡಿ. ಫೀನಿಕ್ಸ್ ಒಳಗಿನ ಟೊಪೊ ಮ್ಯಾಪಿಗೆ (ಏರುತಗ್ಗು ತೋರಿಸುವ ಮ್ಯಾಪ್) ಆಧಾರ ಓಪನ್‌ಸ್ಟ್ರೀಟ್‌ಮ್ಯಾಪ್, ಅಂದರೆ ಜನರೇ ಸೇರಿ ಮಾಡುವ ಮ್ಯಾಪ್. ಯಾರಾದರೂ ಗುರುತು ಹಾಕಿದ ದಾರಿ ಮಾತ್ರ ಅದರಲ್ಲಿ ಇರುತ್ತದೆ. ನಮ್ಮ ಕಡೆ ಸೊಪ್ಪಿನ ಬೆಟ್ಟದ ದಾರಿ, ತೋಟಕ್ಕೆ ಇಳಿಯುವ ದಾರಿ ಎಷ್ಟೋ ಅದರಲ್ಲಿ ಇಲ್ಲ. ಗೊತ್ತಿದ್ದವರ ಹತ್ತಿರ ಜಿಪಿಎಕ್ಸ್ ಫೈಲ್ (ನಡೆದ ದಾರಿಯ ಗೆರೆ ಇರುವ ಫೈಲ್) ಇಸಿದುಕೊಂಡು ವಾಚಿಗೆ ಹಾಕಿಕೊಳ್ಳುವುದು ಒಳ್ಳೆಯದು. ಹೋದ ದಾರಿಯಲ್ಲೇ ವಾಪಸ್ ಕರೆತರುವ ಸೌಲಭ್ಯ ಎರಡರಲ್ಲೂ ಇದೆ. ಫೀನಿಕ್ಸ್‌ನಲ್ಲಿ ಟ್ರ್ಯಾಕ್‌ಬ್ಯಾಕ್, ಆಪಲ್‌ನಲ್ಲಿ ಕಂಪಾಸ್ ಆ್ಯಪ್ ಒಳಗೆ ಬ್ಯಾಕ್‌ಟ್ರ್ಯಾಕ್. ಬಳಸುವುದನ್ನು ಮನೆ ಹತ್ತಿರವೇ ಕಲಿತುಕೊಳ್ಳಿ.

ಎತ್ತರದ ಬಗ್ಗೆ ನಮಗೊಂದು ಅನುಕೂಲ ಇದೆ. ಎರಡೂ ವಾಚಿನಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇದೆ. ಒತ್ತಡ 1 ಹೆಕ್ಟೋಪಾಸ್ಕಲ್ ಬದಲಾದರೆ ಸಮುದ್ರಮಟ್ಟದ ಹತ್ತಿರ ಸುಮಾರು 8 ಮೀಟರ್ ಎತ್ತರದ ವ್ಯತ್ಯಾಸ ಅಂತ ಲೆಕ್ಕ. ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿದು ಒತ್ತಡ 3 ಹೆಕ್ಟೋಪಾಸ್ಕಲ್ ಇಳಿಯಿತು ಅಂದುಕೊಳ್ಳಿ. ಮನೆ ಜಗಲಿಯಲ್ಲೇ ಕೂತಿದ್ದರೂ 25 ಮೀಟರ್ ಮೇಲೆ ಹೋದಿರಿ ಅಂತ ವಾಚಿಗೆ ಅನಿಸಬಹುದು. ಫೀನಿಕ್ಸ್ ಆದರೆ ಹೊರಡುವ ಮೊದಲು ಬೀಚಿನಲ್ಲಿ ನಿಂತು ಕೈಯಾರೆ ಸೊನ್ನೆಗೆ ಹೊಂದಿಸಿ. ಆಮೇಲೆ ಶಿರಸಿ ಪೇಟೆ ತಲುಪಿದಾಗ 590 ಮೀಟರ್ ಆಸುಪಾಸು ತೋರಿಸಿದರೆ ಸರಿ ಇದೆ ಅಂತ ಅರ್ಥ. ಏರು ಇನ್ನೆಷ್ಟು ಉಳಿದಿದೆ ಅಂತ ತೋರಿಸುವ ಕ್ಲೈಂಬ್‌ಪ್ರೊ ಕೂಡ ಫೀನಿಕ್ಸ್‌ನಲ್ಲಿದೆ. ದೇವಿಮನೆ ಹತ್ತುವಾಗ ಅದನ್ನು ನೋಡುತ್ತಾ ಉಸಿರು ಹೊಂದಿಸಿಕೊಳ್ಳುವುದು ನನಗೆ ತುಂಬಾ ಇಷ್ಟ.

ಬ್ಯಾಟರಿ ವಿಷಯ. ಸೀರೀಸ್ 10ಕ್ಕೆ ಕಂಪನಿ ಹೇಳುವುದು 18 ಗಂಟೆ, ಲೋ ಪವರ್ ಮೋಡಿನಲ್ಲಿ 36. ನನ್ನಂಥ 47 ಮಿಲಿಮೀಟರ್ ಅಮೊಲೆಡ್ ಪರದೆಯ ಫೀನಿಕ್ಸ್ 8ಕ್ಕೆ 16 ದಿನ, ಪರದೆ ಸದಾ ಬೆಳಗುವಂತೆ ಇಟ್ಟರೆ 7 ದಿನ. ಪೇಟೆಯಲ್ಲಿ ಇರುವವರಿಗೆ 18 ಗಂಟೆ ಸಮಸ್ಯೆಯೇ ಅಲ್ಲ. ಅರ್ಧ ಗಂಟೆಯಲ್ಲಿ 80 ಪರ್ಸೆಂಟ್ ಚಾರ್ಜ್ ಆಗುತ್ತದೆ, ಸ್ನಾನ ತಿಂಡಿ ಮುಗಿಯುವಷ್ಟರಲ್ಲಿ ದಿನದ ಕೆಲಸಕ್ಕೆ ರೆಡಿ. ಆದರೆ ಆಷಾಢದ ಗಾಳಿಗೆ ತಂತಿ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ ಅಂದಾಗ, ಪವರ್‌ಬ್ಯಾಂಕಿನಲ್ಲಿ ಇದ್ದದ್ದನ್ನು ಮೊದಲು ಫೋನಿಗೆ ಕೊಡುತ್ತೇವೆ ಅಲ್ವಾ? ವಾಚಿನ ಸರದಿ ಬರುವುದೇ ಇಲ್ಲ. ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೆ ಈ ಮಾತನ್ನು ಬಿಟ್ಟುಬಿಡಿ.

ಉಪ್ಪು ಮತ್ತು ಮರಳು. ಗಾಜಿಗೆ ಗೀರು ಬೀಳಿಸುವುದು ಮರಳಿನ ಕ್ವಾರ್ಟ್ಜ್ ಕಣ, ಅದು ಸಾಮಾನ್ಯ ಗಾಜಿಗಿಂತ ಗಟ್ಟಿ. ನೀಲಮಣಿ ಗಾಜು, ಅಂದರೆ ಸಫೈರ್, ಕ್ವಾರ್ಟ್ಜ್‌ಗಿಂತಲೂ ಗಟ್ಟಿ. ಅಲ್ಯೂಮಿನಿಯಂ ಸೀರೀಸ್ 10ರಲ್ಲಿ ಸಫೈರ್ ಇಲ್ಲ, ಟೈಟೇನಿಯಂ ಮಾಡೆಲ್‌ನಲ್ಲಿ ಇದೆ. ಫೀನಿಕ್ಸ್‌ನಲ್ಲೂ ಹಾಗೇ, ಕಡಿಮೆ ಬೆಲೆಯದಕ್ಕೆ ಗೊರಿಲ್ಲಾ ಗಾಜು. ಗಟ್ಟಿಮುಟ್ಟಾದ ವಾಚ್ ಅಂತ ಹೆಸರು ಕೇಳಿ ಎಲ್ಲದರಲ್ಲೂ ಸಫೈರ್ ಇರುತ್ತದೆ ಅಂದುಕೊಳ್ಳಬೇಡಿ, ಬಾಕ್ಸ್ ಮೇಲೆ ಓದಿ. ಚಿರೇಕಲ್ಲಿನ ಪಾಗಾರಕ್ಕೆ ಕೈ ಉಜ್ಜಿದರೆ ಚೌಕಟ್ಟಿಗಂತೂ ಗಾಯ ಆಗಿಯೇ ಆಗುತ್ತದೆ, ಎರಡಕ್ಕೂ.

ಸಮುದ್ರಕ್ಕೆ ಇಳಿದು ಬಂದ ಮೇಲೆ ಯಾವ ವಾಚಾದರೂ ಸಿಹಿನೀರಿನಲ್ಲಿ ತೊಳೆಯಲೇಬೇಕು. ನಲ್ಲಿ ಕೆಳಗೆ ಹಿಡಿದು, ಪಟ್ಟಿ ಬಿಚ್ಚಿ, ಪಟ್ಟಿ ಸೇರುವ ಸಂದಿಯನ್ನು ಬೆರಳಿಂದ ಉಜ್ಜಿ. ಬಟನ್ ಸುತ್ತ, ಹಿಂದಿನ ಸೆನ್ಸರ್ ಸುತ್ತ ಬಿಳಿ ಪುಡಿ ಕೂತಿರುತ್ತದೆ, ಅದು ಒಣಗಿದ ಉಪ್ಪು. ಬಿಟ್ಟರೆ ಚರ್ಮಕ್ಕೆ ತುರಿಕೆ, ಫೀನಿಕ್ಸ್ ಆದರೆ ಚಾರ್ಜಿಂಗ್ ಪಿನ್ನಿಗೂ ಕೇಡು. ಚರ್ಮದ ಪಟ್ಟಿ ನಮ್ಮ ಕಡೆ ಬೇಡವೇ ಬೇಡ. ಜೂನ್ ಕಳೆಯುವಷ್ಟರಲ್ಲಿ ಕಪಾಟಿನೊಳಗೇ ಬೂಷ್ಟು ಹಿಡಿಯುತ್ತದೆ. ಬ್ಯಾಂಕಿಗೆ ನೈಲಾನ್ ಪಟ್ಟಿ, ಓಟಕ್ಕೆ ಸಿಲಿಕೋನ್ ಇರಲಿ.

ನೇತ್ರಾಣಿ ವಿಷಯಕ್ಕೆ ಬರುತ್ತೇನೆ. ಸೀರೀಸ್ 10 ಮೇಲೆ 50 ಮೀಟರ್ ಅಂತ ಇರುತ್ತದೆ, ಆದರೆ ಅದು ಈಜಿಗೆ ಮಾತ್ರ. ಅದರ ಆಳ ಅಳೆಯುವ ಮಿತಿ 6 ಮೀಟರ್, ಸ್ಕೂಬಾಕ್ಕೆ ಕಟ್ಟಿಕೊಂಡು ಇಳಿಯುವಂತಿಲ್ಲ. ಫೀನಿಕ್ಸ್ 8 ಮಾತ್ರ 40 ಮೀಟರ್ ಡೈವಿಂಗಿಗೆ ಮಾಡಿದ್ದು, ಅದರ ಬಟನ್ ಒಳಗೆ ನೀರು ಹೋಗದ ಹಾಗೆ ಕಟ್ಟಿದ್ದಾರೆ. ಹಳೆಯ ಫೀನಿಕ್ಸ್ 7ಕ್ಕೆ ಇದು ಇಲ್ಲ, ಸೆಕೆಂಡ್ ಹ್ಯಾಂಡ್ ಯಾರಾದರೂ ಕೊಡುತ್ತೇನೆ ಅಂದರೆ ನೆನಪಿಡಿ. ಆದರೂ ಮುರ್ಡೇಶ್ವರದಿಂದ ಬೋಟಿನಲ್ಲಿ ಹೋಗಿ ಮೊದಲ ಸಲ ಮುಳುಗುವವರ ಜೊತೆ ತರಬೇತುದಾರ ಇರುತ್ತಾರೆ, ಆಳ ನೋಡಿಕೊಳ್ಳುವುದು ಅವರ ಕೆಲಸ. ಕೋರ್ಸ್ ಮುಗಿಸಿ ಪ್ರತಿ ಸೀಸನ್ ಹೋಗುತ್ತೇನೆ ಅನ್ನುವ ಮನಸ್ಸು ಬಂದ ಮೇಲೆ ಡೈವಿಂಗ್ ವಾಚಿಗೆ ದುಡ್ಡು ಹಾಕಿ, ಈಗಲೇ ಬೇಡ.

ಆಪಲ್ ಎಲ್ಲಿ ಗೆಲ್ಲುತ್ತದೆ ಅನ್ನುವುದನ್ನೂ ಹೇಳಬೇಕು. ಅಲ್ಯೂಮಿನಿಯಂ ಸೀರೀಸ್ 10 ದೊಡ್ಡ ಸೈಜಿನದೂ 40 ಗ್ರಾಂ ಒಳಗೇ, ದಪ್ಪ 9.7 ಮಿಲಿಮೀಟರ್. ಶರ್ಟಿನ ತೋಳಿನ ಗುಂಡಿ ಅದರ ಮೇಲೆ ಆರಾಮಾಗಿ ಹಾಕಬಹುದು. ಸ್ಟೀಲ್ ಫೀನಿಕ್ಸ್ 80 ಗ್ರಾಂ, ಕೌಂಟರಿನಲ್ಲಿ ಇಡೀ ದಿನ ಟೈಪ್ ಮಾಡುವವರ ಮಣಿಕಟ್ಟಿಗೆ ಗೊತ್ತಾಗುತ್ತದೆ. ಐಫೋನಿಗೆ ಬಂದ ಮೆಸೇಜಿಗೆ ಆಪಲ್ ವಾಚಿನಿಂದಲೇ ಉತ್ತರ ಕೊಡಬಹುದು. ಗಾರ್ಮಿನ್‌ನಲ್ಲಿ ಓದಬಹುದು ಅಷ್ಟೇ, ಐಫೋನ್ ಇದ್ದರೆ ಉತ್ತರ ಕಳಿಸಲು ಬರುವುದಿಲ್ಲ. ಹೃದಯದ ಬಡಿತ ತಾಳ ತಪ್ಪಿದರೆ ಎಚ್ಚರಿಸುವುದು, ಇಸಿಜಿ, ಬಿದ್ದರೆ ಗುರುತಿಸುವುದು ಇವೆಲ್ಲ ಆಪಲ್‌ನಲ್ಲಿ ತುಂಬಾ ಸಲೀಸು. ಇಸಿಜಿ ಹಾರ್ಟ್ ಅಟ್ಯಾಕ್ ಹಿಡಿಯುವುದಿಲ್ಲ, ಎದೆ ನೋವು ಬಂದರೆ ವಾಚ್ ನೋಡುತ್ತಾ ಕೂರದೆ ಆಸ್ಪತ್ರೆಗೆ ಓಡಿ. ಮನೆಯಲ್ಲಿ ವಯಸ್ಸಾದವರಿಗೆ ಕೊಡಿಸುವುದಾದರೆ ನಾನು ಎರಡನೇ ಯೋಚನೆ ಇಲ್ಲದೆ ಆಪಲ್ ಅನ್ನುತ್ತೇನೆ.

ಯಾವುದು ಕಟ್ಟಿದರೂ ಏರಿನಲ್ಲಿ ಹ್ಯಾಂಡಲ್ ಬಿಗಿ ಹಿಡಿದಾಗ ಮಣಿಕಟ್ಟು ಮಡಚಿ ಬಡಿತದ ಲೆಕ್ಕ ಏರುಪೇರಾಗುತ್ತದೆ. ಮಣಿಕಟ್ಟಿನ ಎಲುಬಿಗಿಂತ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿ. ಸರಿಯಾದ ಲೆಕ್ಕ ಬೇಕಾದರೆ ಎದೆಗೆ ಕಟ್ಟುವ ಬ್ಲೂಟೂತ್ ಪಟ್ಟಿ ತಗೊಳ್ಳಿ, ಎರಡಕ್ಕೂ ಸೇರುತ್ತದೆ.

ಗಲ್ಫಿನಲ್ಲಿರುವ ಭಾವ ವಾಚ್ ತರುತ್ತಾರೆ ಅಂತ ಬರೆದಿದ್ದೀರಿ. ಇಲ್ಲಿ ಹುಷಾರು. ಫೀನಿಕ್ಸ್ 8 ಬೇರೆ, 2025ರಲ್ಲಿ ಬಂದ ಫೀನಿಕ್ಸ್ 8 ಪ್ರೊ ಬೇರೆ. ಪ್ರೊ ಮಾಡೆಲ್ ಉಪಗ್ರಹಕ್ಕೆ ಮೆಸೇಜ್ ಕಳಿಸುತ್ತದೆ. ಜಿಪಿಎಸ್ ಅಂದರೆ ಬರೀ ಕೇಳುವುದು, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಉಪಗ್ರಹಕ್ಕೆ ಸಂದೇಶ ಕಳಿಸುವ ಸಾಧನವನ್ನು ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಅಂಥ ಸಾಧನ ತಂದ ವಿದೇಶಿಯರನ್ನು ವಿಮಾನ ನಿಲ್ದಾಣದಲ್ಲೇ ತಡೆದದ್ದಿದೆ. ನಮ್ಮ ಜಿಲ್ಲೆಯಲ್ಲಂತೂ ಕಾರವಾರದ ನೌಕಾನೆಲೆ, ಕೈಗಾ ಸ್ಥಾವರ ಎರಡೂ ಇವೆ. ಆ ಗೊಡವೆ ಬೇಡ, ಇಲ್ಲಿನ ಬಿಲ್ಲು ಮತ್ತು ವಾರಂಟಿ ಜೊತೆಗೇ ತಗೊಳ್ಳಿ.

ಉಳಿದ ಎರಡು ವಾಚೂ ಘಟ್ಟದಲ್ಲಿ ಸಿಗ್ನಲ್ ಇಲ್ಲದ ಕಡೆ ಯಾರನ್ನೂ ಕರೆಯಲಾರವು. ಬಿದ್ದದ್ದು ಗೊತ್ತಾದರೂ ಸುದ್ದಿ ಮುಟ್ಟಿಸಲು ಮೊಬೈಲ್ ನೆಟ್‌ವರ್ಕ್ ಬೇಕು. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿಯೇ ಹೊರಡಿ.

ಹಾಗಾದರೆ ಏನು ತಗೊಳ್ಳುವುದು? ಸೀರೀಸ್ 10 ಬಂದಾಗ 46,900 ರೂಪಾಯಿಯಿಂದ ಶುರು ಇತ್ತು. ಫೀನಿಕ್ಸ್ 8 ಹತ್ತಿರ ಹತ್ತಿರ ಎರಡು ಪಟ್ಟು. ಆ ಹೆಚ್ಚಿನ ದುಡ್ಡಿಗೆ ಸಿಗುವುದು ಒಳಗಿನ ಮ್ಯಾಪ್, ಡೈವಿಂಗ್, ಟಾರ್ಚ್, ಉದ್ದ ಬ್ಯಾಟರಿ. ನಿಮಗೆ ನಿಜವಾಗಿ ಬೇಕಾದ್ದು ಐದು ಬಟನ್, ಎರಡು ತರಂಗಾಂತರದ ಜಿಪಿಎಸ್, ವಾರಕ್ಕೊಮ್ಮೆ ಚಾರ್ಜ್. ಇವೆಲ್ಲ ಅದೇ ಕಂಪನಿಯ ಫೋರ್‌ರನ್ನರ್ 265ರಲ್ಲಿ ಇವೆ. ತೂಕ 47 ಗ್ರಾಂ, ಬ್ಯಾಟರಿ 13 ದಿನ. ಮ್ಯಾಪ್ ಇಲ್ಲ, ಆದರೆ ಹಾಕಿಕೊಂಡ ದಾರಿಯ ಗೆರೆ ತೋರಿಸುತ್ತದೆ. ಸ್ಕೂಬಾ ಆಗುವುದಿಲ್ಲ, ಸಮುದ್ರದಲ್ಲಿ ಈಜಬಹುದು. ಪ್ಲಾಸ್ಟಿಕ್ ಮೈ ಅಂತ ಮೂಗು ಮುರಿಯಬೇಡಿ, ಉಪ್ಪುನೀರಿಗೆ ಅದು ತುಕ್ಕು ಹಿಡಿಯುವುದಿಲ್ಲ. ಮಳೆಯಲ್ಲಿ ಸೈಕಲ್ ಬೇಡ ಅಂತ ಮನಸ್ಸು ಬದಲಾಯಿಸಿದರೆ ಮಾತ್ರ ಸೀರೀಸ್ 10.

ಅಂಗಡಿಗೆ ಹೋದಾಗ ಕೈ ಒದ್ದೆ ಮಾಡಿಕೊಂಡು ಒತ್ತಿ ನೋಡಿ. ಯಾರಿಂದಲಾದರೂ ಕನ್ನಡದಲ್ಲಿ ಒಂದು ಮೆಸೇಜ್ ಕಳಿಸಲು ಹೇಳಿ, ವಾಚಿನಲ್ಲಿ ಅಕ್ಷರ ಸರಿಯಾಗಿ ಕಾಣುತ್ತದಾ ನೋಡಿ. ಕಟ್ಟಿಕೊಂಡು ಮುಷ್ಟಿ ಹಿಂದಕ್ಕೆ ಮಡಚಿದಾಗ ಬಟನ್ ಚುಚ್ಚುತ್ತದಾ ನೋಡಿ. ಖರೀದಿಗೆ ಮೊದಲು ಶಿರಸಿ ಕಡೆ ಬರುವುದಿದ್ದರೆ ಒಂದು ಮೆಸೇಜ್ ಹಾಕಿ. ನನ್ನ ಫೀನಿಕ್ಸ್ ಒಂದು ವಾರ ನೀವೇ ಕಟ್ಟಿಕೊಂಡಿರಿ, ಬ್ಯಾಂಕಿಗೂ ಕಟ್ಟಿ, ಮಲಗುವಾಗಲೂ ಕಟ್ಟಿ, ಆ ತೂಕ ನಿಮಗೆ ಒಗ್ಗುತ್ತದಾ ಅಂತ ತಿಳಿದುಕೊಂಡೇ ದುಡ್ಡು ಕೊಡಿ.