ರೋವರ್ ಬಜೆಟ್ ಹಾಕೂದು ಎಲ್ಲಿಂದ ಸುರು ಮಾಡಬೇಕು?

ಪ್ರಶ್ನೆ: ಸರ್ ನಮಸ್ಕಾರ, ನಮ್ಮ ಕಾಲೇಜಿನ ಟೀಮು ಚಂದ್ರನ ನೆಲದ ಮ್ಯಾಲ ಓಡಾಡೂ ಗಾಡಿ, ಅಂದ್ರ ರೋವರ್, ಅದರ ಮಿಷನ್ ಮ್ಯಾಲ ಪ್ರಾಜೆಕ್ಟ್ ಮಾಡಾಕತ್ತೈತಿ, ಖರ್ಚು, ಟೈಮ್ ಟೇಬಲ್ ಎರಡೂ ತೋರಸಬೇಕ್ರಿ. ಚಂದ್ರಯಾನ-3ಕ್ಕ ಸುಮಾರು 615 ಕೋಟಿ ಅಂತಾರ, ಅದರ ರೋವರ್ ಪ್ರಗ್ಯಾನ್ ಓಡಾಡಿದ್ದು 100 ಮೀಟರ್ ಚಿಲ್ಲರ. ಇಷ್ಟ ರೊಕ್ಕ ಎಲ್ಲಿ ಹೋಗತೈತಿ?
ಇಂಜಿನಿಯರಿಂಗ್ ವಿದ್ಯಾರ್ಥಿ, ವಿಜಯಪುರ

ಉತ್ತರ: ತಮ್ಮಾ, ಮೀಟರಿಗೆ ಇಷ್ಟ ಕೋಟಿ ಅಂತ ಭಾಗಾಕಾರ ಮಾಡಬ್ಯಾಡ. ಪ್ರಗ್ಯಾನ್ ಬರೇ 26 ಕೆಜಿ, ಅದನ್ನ ಅಲ್ಲಿಗೆ ಮುಟ್ಟಸೂದಾಗ ರೊಕ್ಕ ಹೋಗತೈತಿ. ಆಗಿನ ಇಸ್ರೋ ಅಧ್ಯಕ್ಷ ಕೆ. ಶಿವನ್ 2020ರಾಗ ಹೇಳಿದ ಅಂದಾಜು ನೋಡು, ಲ್ಯಾಂಡರ್ (ಚಂದ್ರನ ಮ್ಯಾಲ ಇಳಿಯೂ ನೌಕೆ), ರೋವರ್, ಪ್ರೊಪಲ್ಷನ್ ಮಾಡ್ಯೂಲ್ (ಇವನ್ನ ಚಂದ್ರನ ಹತ್ರ ಒಯ್ಯೂ ಭಾಗ) ಎಲ್ಲಾ ಕೂಡಿ 250 ಕೋಟಿ, ಉಡಾವಣೆಗೇ 365 ಕೋಟಿ. ಚಂದ್ರಯಾನ-2ಕ್ಕ 978 ಕೋಟಿ ಆಗಿತ್ತು, ಅದರ ಆರ್ಬಿಟರ್, ಅಂದ್ರ ಚಂದ್ರನ ಸುತ್ತ ತಿರಗೂ ನೌಕೆ, ಚಲೋ ಸುತ್ತಾಕತ್ತಿತ್ತು, ಹಂಗಾಗಿ ಮೂರನೇ ಸಲಾ ಹೊಸಾ ಆರ್ಬಿಟರ್ ಕಟ್ಟೂ ಖರ್ಚ ಉಳೀತು.

ಟೈಮ್ ಟೇಬಲ್ ಮಾತ್ರ ಚಂದ್ರನ ಸೂರ್ಯೋದಯದಿಂದ ಹಿಂದಕ್ಕ ಎಣಿಸ್ಕೋಂತ ಬರೀರಿ. ಅಲ್ಲಿ ಒಂದು ಹಗಲಂದ್ರ ನಮ್ಮ ಸುಮಾರು 14 ದಿನ, ರೋವರ್ ನಡಿಯೂದು ಸೋಲಾರ್ ಮ್ಯಾಲ, ರಾತ್ರಿ ಚಳಿ ತಡಕೊಳ್ಳೂ ಹಂಗ ಅದನ್ನ ಕಟ್ಟಿರಲಿಲ್ಲ. ನಮ್ಮ ಕಡೆ ಜೋಳ ಬಿತ್ತಾಕ ಹದಾ ನೋಡಿದಂಗ ಇಳಿಯಾಕ ಬೆಳಕು ನೋಡಬೇಕು, 2023ರ ಆಗಸ್ಟ್ 23ಕ್ಕ ಇಳದಿದ್ದು ಅದಕ್ಕ, ಬೆಳಕು ಹರದ ಕೂಡ್ಲೇ ಇಳದ್ರ ಪೂರಾ ಹಗಲು ಕೈಗೆ ಸಿಗತೈತಿ. ಆ ಬೆಳಗು ತಪ್ಪಿದ್ರ ಮುಂದಿಂದು ಸುಮಾರು ಒಂದು ತಿಂಗಳಿಗೆ.

ಇನ್ನ ತಡಾ ಆಗೂದರ ಖರ್ಚು. ಇದನ್ನ ಹುಡುಗ್ರು ಹಾಕೂದ ಇಲ್ಲ, ನನಗ ಬ್ಯಾಸರ ಆಗೂದೂ ಇದಕ್ಕ. ನಾಸಾದ ವೈಪರ್ ರೋವರ್ ನೋಡ್ರಿ, 43 ಕೋಟಿ ಡಾಲರ್ ಚಿಲ್ಲರ ಅಂತ ಸುರು ಆಗಿದ್ದು 61 ಕೋಟಿ ಹತ್ರ ಹೋತು, ಒಯ್ಯೂ ಲ್ಯಾಂಡರಿಗೆ ಇನ್ನಷ್ಟು ಟೆಸ್ಟ್ ಬೇಕು ಅಂತ 2023ರ ಉಡಾವಣೆ 2024ಕ್ಕ ಹೋತು, ಆಮ್ಯಾಲ 2025ಕ್ಕ, ಕಡೀಕ 2024ರ ಜುಲೈದಾಗ ಪೂರಾ ಜೋಡಿಸಿ ನಿಂತಿದ್ದ ರೋವರನ್ನ ರದ್ದು ಮಾಡೀವಿ ಅಂದ್ರು. 2025ರಾಗ ಅದನ್ನ ಒಯ್ಯಾಕ ಅಮೆರಿಕಾದ ಕಂಪನಿ ಬ್ಲೂ ಒರಿಜಿನ್‌ಗೆ ಕೊಟ್ಟಾರ, ಖುಷಿ ಆತು. ಆದ್ರ ಉಡಾವಣೆ ಮುಂದ ಹೋದಷ್ಟೂ ದಿನ ಮಂದಿ ಪಗಾರ, ಲ್ಯಾಬು, ಧೂಳಿಲ್ಲದ ಕ್ಲೀನ್ ರೂಮು ಯಾವುದೂ ನಿಲ್ಲೂದಿಲ್ಲ.

ಅದಕ್ಕ ನಿಮ್ಮ ರಿಪೋರ್ಟಿನ್ಯಾಗ ಬರೇ ಪಾರ್ಟಿನ ರೇಟ್ ಲಿಸ್ಟ್ ಹಾಕಿ ಕೈಬಿಡಬ್ಯಾಡ್ರಿ. ಪಗಾರ, ನಿರ್ವಾತದಾಗಿನ ಟೆಸ್ಟು, ಚಳಿ ಟೆಸ್ಟು, ಫೇಲಾದ್ರ ಮತ್ತೊಮ್ಮೆ ಮಾಡಾಕ ಬೇಕಾಗೂ ತಿಂಗಳು, ಎಲ್ಲಾ ಬ್ಯಾರೆ ಬ್ಯಾರೆ ತೋರಿಸ್ರಿ. ರೊಕ್ಕ ಸಾಲದಿದ್ರ ಯಾವ ಉಪಕರಣ ಮೊದಲು ಬಿಡತೀರಿ ಅನ್ನೂದನ್ನೂ ಈಗ ಬರದಿಡ್ರಿ.